ದೇವರು ನಮ್ಮನ್ನು ಏತಕ್ಕಾಗಿ ಸೃಷ್ಟಿಸಿದರು?

ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ (ಆಗಸ್ಟ್ 15)

ವಾಚನಗಳು: ಪ್ರಕಟನೆ 11:19, 12:1-6, 10 • 1 ಕೊರಿಂಥ 15:20-27 • ಲೂಕ 1:39-56



ಇಂದು ನಮಗೆ ಎರಡು ಹಬ್ಬ. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಧ್ವಜ ಏರಿಸಿ ನಾಡಿನ ಸ್ವಾತಂತ್ರ್ಯಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿ ಬಂದಿದ್ದೇವೆ. ಈಗ ಈ ಬಲಿಪೀಠದ ಮುಂದೆ, ನಮ್ಮ ತಾಯಿ ಮರಿಯಮ್ಮನವರನ್ನು ದೇವರು ಆತ್ಮ ಶರೀರ ಸಹಿತವಾಗಿ ತಮ್ಮ ಮಹಿಮೆಗೆ ಸೇರಿಸಿಕೊಂಡ ಮಹೋತ್ಸವವನ್ನು ಆಚರಿಸುತ್ತಿದ್ದೇವೆ.

ಈ ಹಬ್ಬದ ಹೆಸರನ್ನು ಸ್ವಲ್ಪ ಗಮನಿಸಿರಿ. ಪ್ರಭು ಯೇಸುವಿನ ಹಬ್ಬವನ್ನು ನಾವು ಸ್ವರ್ಗಾರೋಹಣ ಎನ್ನುತ್ತೇವೆ. ಅವರು ದೇವಪುತ್ರರು, ಸ್ವಂತ ಶಕ್ತಿಯಿಂದ ಏರಿಹೋದರು. ಮರಿಯಮ್ಮನವರ ಹಬ್ಬವನ್ನು ಹಾಗೆ ಕರೆಯುವುದಿಲ್ಲ. ಸ್ವರ್ಗಸ್ವೀಕಾರ ಎನ್ನುತ್ತೇವೆ. ಅವರು ಏರಿಹೋಗಲಿಲ್ಲ, ಅವರನ್ನು ಎತ್ತಿಕೊಳ್ಳಲಾಯಿತು. ಮಗುವನ್ನು ತಾಯಿ ಎತ್ತಿಕೊಳ್ಳುವ ಹಾಗೆ ದೇವರು ಅವರನ್ನು ಎತ್ತಿಕೊಂಡರು. ಈ ಸಣ್ಣ ವ್ಯತ್ಯಾಸದಲ್ಲಿ ಇಂದಿನ ಹಬ್ಬದ ಅರ್ಥವೆಲ್ಲ ಅಡಗಿದೆ. ದೇವರು ನಮ್ಮನ್ನು ಏತಕ್ಕಾಗಿ ಸೃಷ್ಟಿಸಿದರು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಆ ಪ್ರಶ್ನೆಯನ್ನು ನನಗೆ ಮತ್ತೆ ಕೇಳಿದವರು ಒಬ್ಬ ವಯಸ್ಸಾದ ತಾಯಿ. ಮೊದಲು ಅವರ ವಿಷಯ ಹೇಳುತ್ತೇನೆ.

ಒಬ್ಬ ಆಯಿಯ ಪ್ರಶ್ನೆ

ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರಿಗೆ, ಮನೆಯಿಂದ ಹೊರಬರಲಾಗದವರಿಗೆ ಪರಮಪ್ರಸಾದ ಒಯ್ಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಹಾಗೆ ಒಂದು ಶುಕ್ರವಾರ ನಿಪ್ಪಾಣಿಯ ಆಚೆ, ಅಕ್ಕೋಳದ ಕಡೆ ಒಂದು ಮನೆಗೆ ಹೋಗಿದ್ದೆ. ಆ ಭಾಗ ನಿಮಗೆ ಗೊತ್ತಿರುವುದೇ. ಕಪ್ಪು ಮಣ್ಣಿನ ಹೊಲ, ಕಬ್ಬು, ತಂಬಾಕು, ಹತ್ತಿರದಲ್ಲೇ ವೇದಗಂಗೆ. ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಆಯಿ ಕುಳಿತಿದ್ದರು.

ಅವರು ಲಂಗ ಉಡುವ ವಯಸ್ಸಿನಿಂದ ಬೀಡಿ ಕಟ್ಟಿದವರು. ಮೊರ ತೊಡೆಯ ಮೇಲಿಟ್ಟುಕೊಂಡು ಎಲೆಯನ್ನು ಅಳತೆಗೆ ಕತ್ತರಿಸುವುದು, ತಂಬಾಕು ತುಂಬಿ ಸುರುಳಿ ಸುತ್ತುವುದು, ತುದಿ ಮಡಚಿ ದಾರ ಕಟ್ಟುವುದು. ಕೆಲವು ವರ್ಷ ತಂಬಾಕಿನ ವಖಾರಿಯಲ್ಲೂ ದುಡಿದರು. ಆ ಧೂಳು ಎದೆಯಲ್ಲಿ ಇನ್ನೂ ಕುಳಿತಿದೆ, ಮಾತಿನ ನಡುವೆ ಕೆಮ್ಮು ಬರುತ್ತದೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಸಂಜೆ ಎಣಿಸಿ ಕೊಡುವಾಗ ಸಡಿಲವಾದದ್ದು, ಬಾಯಿ ಬಿಟ್ಟದ್ದು ಕಂಡರೆ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದರಂತೆ. ಅದಕ್ಕೆ ಕೂಲಿ ಇಲ್ಲ. ಆ ಕೂಲಿಯಲ್ಲೇ ಮಕ್ಕಳನ್ನು ಓದಿಸಿದರು, ಮಗಳ ಮದುವೆ ಮಾಡಿದರು.

ಪರಮಪ್ರಸಾದ ಸ್ವೀಕರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: “ಫಾದರ್, ದೇವರು ನನ್ನ ಇನ್ನೂ ಯಾಕ ಇಟ್ಟಾನ್ರಿ? ಕೈಯಾಗ ಹಿಡಿತ ಇಲ್ಲ, ಕಣ್ಣ ಕಾಣಂಗಿಲ್ಲ. ಸೊಸಿಗೆ ಒಂದ ಕೊಡ ನೀರ ತಂದ ಕೊಡಾಕೂ ಆಗಂಗಿಲ್ಲ. ಎಣಿಸಿ ಪಕ್ಕಕ್ಕ ಒಗದ ಬೀಡಿ ಆಗೇನ್ರಿ ನಾನು.”

ನಾನು ಕೂಡಲೇ ಉತ್ತರ ಕೊಟ್ಟೆ. ಗುರುಮಠದಲ್ಲಿ ಕಲಿತದ್ದು, ಎಷ್ಟೋ ಕಾಯಿಲೆಯವರಿಗೆ ಹೇಳಿ ರೂಢಿಯಾದದ್ದು. “ಆಯಿ, ಹಂಗ ಅನಬ್ಯಾಡ್ರಿ. ನೀವು ನಮಗೆಲ್ಲ ಪ್ರಾರ್ಥನೆ ಮಾಡ್ರಿ. ನಿಮ್ಮ ನೋವು ಯೇಸುಸ್ವಾಮಿಗೆ ಒಪ್ಪಿಸ್ರಿ. ಅದಕ್ಕಿಂತ ದೊಡ್ಡ ಸೇವಾ ಯಾವುದೂ ಇಲ್ಲ.”

ಆಯಿ ಸಣ್ಣಗೆ ನಕ್ಕರು. “ನೀವೂ ಮತ್ತೊಂದ ಕೆಲಸಾನ ಹಚ್ಚಿದ್ರಲ್ರೀ, ಫಾದರ್. ಜಪಸರ ಹಿಡಿದ್ರ ಅರ್ಧಕ್ಕ ಮರೀತೇನಿ. ನಾಳೆ ಅದನ್ನೂ ಮಾಡಾಕ ಆಗಲಿಲ್ಲಂದ್ರ ಏನ್ ಮಾಡ್ಲಿ?”

ನನಗೆ ಮಾತು ಹೊರಡಲಿಲ್ಲ. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಆಶೀರ್ವದಿಸಿ ಹೊರಬಂದೆ. ಪ್ರಾರ್ಥನೆ ದೊಡ್ಡದು, ನೋವಿನ ಅರ್ಪಣೆ ದೊಡ್ಡದು. ಧರ್ಮಸಭೆ ಅದನ್ನು ಕಲಿಸುತ್ತದೆ, ಎಷ್ಟೋ ಸಂತರು ಅದನ್ನು ಬಾಳಿ ತೋರಿಸಿದ್ದಾರೆ. ನನ್ನ ತಪ್ಪು ಬೇರೆ ಇತ್ತು. ಅವರು ಕೇಳಿದ್ದು, ಏನೂ ಮಾಡಲಾಗದ ಮನುಷ್ಯಳಿಗೆ ದೇವರ ಹತ್ತಿರ ಜಾಗವಿದೆಯೇ ಎಂದು. ನಾನು ಜಾಗ ತೋರಿಸಲಿಲ್ಲ, ಇನ್ನೊಂದು ಮೊರ ತಂದು ತೊಡೆಯ ಮೇಲಿಟ್ಟೆ. ಬೀಡಿಯ ಮಾಲೀಕನ ಹಾಗೆ ದೇವರೂ ಎಣಿಸಿ ಕೂಲಿ ಕೊಡುತ್ತಾರೆ ಎಂಬಂತೆ ಮಾತಾಡಿದೆ.

ನಾಲ್ಕನೆಯ ಮಾತು

ನಿಮ್ಮಲ್ಲಿ ಹಿರಿಯರಾದವರಿಗೆ ಚಿಕ್ಕಂದಿನ ಧರ್ಮೋಪದೇಶದ ಪಾಠ ನೆನಪಿರಬಹುದು. ಪುಸ್ತಕದ ಮೊದಲ ಪುಟಗಳಲ್ಲೇ ಈ ಪ್ರಶ್ನೆ ಇರುತ್ತಿತ್ತು: ದೇವರು ನಿನ್ನನ್ನು ಏಕೆ ಸೃಷ್ಟಿಸಿದರು? ಕೈಕಟ್ಟಿ ನಿಂತು ನಾವು ಒಪ್ಪಿಸುತ್ತಿದ್ದ ಉತ್ತರದಲ್ಲಿ ನಾಲ್ಕು ವಿಷಯಗಳಿದ್ದವು. ದೇವರನ್ನು ಅರಿಯುವುದು, ಅವರನ್ನು ಪ್ರೀತಿಸುವುದು, ಅವರ ಸೇವೆ ಮಾಡುವುದು, ಕೊನೆಗೆ ಸ್ವರ್ಗದಲ್ಲಿ ಅವರೊಂದಿಗೆ ಸದಾಕಾಲ ಬಾಳುವುದು.

ಆ ದಿನ ಮೋಟಾರ್ ಸೈಕಲ್ಲಿನ ಮೇಲೆ ಹಿಂದಿರುಗುವಾಗ ಈ ಉತ್ತರವನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಆಗ ಹೊಳೆಯಿತು. ಈ ನಾಲ್ಕೂ ಒಂದೇ ಸಾಲಿನವಲ್ಲ. ಮೊದಲ ಮೂರು ದಾರಿ, ನಾಲ್ಕನೆಯದು ಊರು. ನಾವೋ ಊರನ್ನು ಮರೆತು ದಾರಿಯಲ್ಲೇ ನಿಂತುಬಿಟ್ಟಿದ್ದೇವೆ. ಅದರಲ್ಲೂ ಮೂರನೆಯ ಮಾತು, ಸೇವೆ, ಅದೊಂದನ್ನೇ ಗಟ್ಟಿಯಾಗಿ ಹಿಡಿದಿದ್ದೇವೆ. ದೇವರು ದೊಡ್ಡ ಧಣಿ, ನಾವು ಆಳುಗಳು, ಕೆಲಸಕ್ಕಾಗಿ ನಮ್ಮನ್ನು ಮಾಡಿದರು ಎಂದುಕೊಂಡಿದ್ದೇವೆ. ಹಾಗೆ ನಂಬಿದವನಿಗೆ ಕೈಕಾಲು ನಡೆಯುವ ತನಕ ದೇವರ ಭಯ, ನಡೆಯದಾದಾಗ ನಿರಾಶೆ.

ದೇವರಿಗೆ ನಮ್ಮಿಂದ ಏನು ಬೇಕು?

ನೇರವಾಗಿ ಕೇಳೋಣ. ದೇವರಿಗೆ ನಮ್ಮಿಂದ ಏನು ಬೇಕು? ನಮ್ಮ ವಿಶ್ವಾಸದ ಉತ್ತರ: ಏನೂ ಬೇಡ. ಪಿತ, ಸುತ, ಪವಿತ್ರಾತ್ಮ, ಈ ತ್ರಿಯೇಕ ದೇವರಲ್ಲಿ ಪ್ರೀತಿ ಅನಾದಿಯಿಂದ ತುಂಬಿ ತುಳುಕುತ್ತಿದೆ. ಲೋಕ ಸೃಷ್ಟಿಯಾಗುವ ಮೊದಲು ದೇವರು ಒಂಟಿಯಾಗಿರಲಿಲ್ಲ, ಬೇಸರಪಡಲಿಲ್ಲ, ಸೇವಕರಿಗಾಗಿ ಕಾಯಲಿಲ್ಲ. 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಬೋಧಿಸಿತು. ದೇವರು ತಮ್ಮ ಸಂತೋಷವನ್ನು ಹೆಚ್ಚಿಸಿಕೊಳ್ಳಲು ಸೃಷ್ಟಿಸಲಿಲ್ಲ. ತಮ್ಮ ಒಳ್ಳೆಯತನದಿಂದ, ಪೂರ್ಣ ಸ್ವತಂತ್ರರಾಗಿ, ತಮ್ಮಲ್ಲಿದ್ದ ಒಳಿತನ್ನು ಹಂಚಲೆಂದೇ ಸೃಷ್ಟಿಸಿದರು.

ಕಬ್ಬಿನ ಸುಗ್ಗಿಯಲ್ಲಿ ಗಾಣ ಹೂಡಿದ ಹೊಲದ ಮುಂದೆ ನೀವು ಹಾದುಹೋಗಿದ್ದೀರಿ. ಗುರುತಿನವರಾಗಲಿ, ಇಲ್ಲದವರಾಗಲಿ, ಕರೆದು ಕಬ್ಬಿನ ಹಾಲು ಕೊಡುತ್ತಾರೆ. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಡುತ್ತಾರೆ. ಆ ರೈತ ನಿಮ್ಮಿಂದ ಏನು ಪಡೆಯುತ್ತಾನೆ? ಏನೂ ಇಲ್ಲ. ಕಡಾಯಿ ತುಂಬಿದೆ, ಅವನ ಮನಸ್ಸೂ ತುಂಬಿದೆ, ಅದಕ್ಕೇ ಕರೆಯುತ್ತಾನೆ. ದೇವರು ನಮ್ಮನ್ನು ಇಲ್ಲದಿದ್ದ ಕಡೆಯಿಂದ ಇರುವಿಕೆಗೆ ಕರೆದದ್ದು ಹೀಗೆ.

ಹಾಗಾದರೆ ಎಲ್ಲವೂ ದೇವರ ಮಹಿಮೆಗಾಗಿ ಎಂದು ನಾವು ಪ್ರಾರ್ಥಿಸುತ್ತೇವಲ್ಲ, ಅದು ಏನು? ಹೊಗಳಿಕೆಯನ್ನು ಬಯಸುವ ಅರಸನ ಮಹಿಮೆಯೇ? ಎರಡನೆಯ ಶತಮಾನದಲ್ಲಿ ಲಿಯೋನ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಇರೇನಿಯಸ್ ಇದಕ್ಕೆ ಸುಂದರ ಉತ್ತರ ಕೊಟ್ಟರು. ಇವರನ್ನು 2022ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಅವರ ಬೋಧನೆಯ ಸಾರ ಇಷ್ಟು: ಮನುಷ್ಯನು ತುಂಬಿದ ಜೀವದಿಂದ ಬಾಳುವುದರಲ್ಲೇ ದೇವರ ಮಹಿಮೆ ಇದೆ, ದೇವರನ್ನು ಕಣ್ಣಾರೆ ಕಾಣುವುದರಲ್ಲಿ ಮನುಷ್ಯನ ಜೀವ ಇದೆ. ತಾಯಿಗೆ ಮಹಿಮೆ ಯಾವುದು? ಮಗು ಹೊಟ್ಟೆತುಂಬ ಉಂಡು ನಗುವುದೇ ಅವಳ ಮಹಿಮೆ. ಅಂದರೆ ದೇವರ ಉದ್ದೇಶ ಒಂದು, ನಮ್ಮ ಸುಖ ಇನ್ನೊಂದು ಎಂದು ಎರಡು ಇಲ್ಲ. ಎರಡೂ ಒಂದೇ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತ ದಾಖಲೆಯ 24ನೇ ಪರಿಚ್ಛೇದದಲ್ಲಿ ಒಂದು ದೊಡ್ಡ ಬೋಧನೆ ಇದೆ. ಈ ಭೂಮಿಯ ಮೇಲೆ ದೇವರು ಬೇರೆ ಯಾವುದಕ್ಕಾಗಿಯೂ ಅಲ್ಲದೆ ಅದರ ಸಲುವಾಗಿಯೇ ಬಯಸಿದ ಸೃಷ್ಟಿ ಮನುಷ್ಯ ಮಾತ್ರ ಎಂದು ಮಹಾಸಭೆ ಕಲಿಸುತ್ತದೆ. ಎತ್ತು ಉಳುಮೆಗೆ, ಎಲೆ ನೆರಳಿಗೆ, ಮೊರ ಕೇರಲು. ಮನುಷ್ಯ ಏತಕ್ಕೆ? ಏತಕ್ಕೂ ಅಲ್ಲ, ಯಾರಿಗಾಗಿಯೋ. ದೇವರಿಗೆ ಅವನು ಬೇಕು, ಅಷ್ಟೇ. ಉಪಯೋಗಕ್ಕೆ ಬೇಕಲ್ಲ, ಜೊತೆಗೆ ಬೇಕು.

ವಾಚನ ನಿಂತ ಜಾಗದ ಮುಂದೆ

ಇಂದಿನ ಎರಡನೆಯ ವಾಚನವನ್ನು ಕೇಳಿದಿರಿ. ಸಂತ ಪೌಲರು ಕೊರಿಂಥದ ಭಕ್ತರಿಗೆ ಬರೆಯುತ್ತಾ, ಕ್ರಿಸ್ತರು ಸತ್ತವರೊಳಗಿಂದ ಎದ್ದ ಮೊದಲ ಫಲ ಎನ್ನುತ್ತಾರೆ. ಹೊಲದ ಮೊದಲ ತೆನೆ ಕೈಗೆ ಬಂದರೆ ಉಳಿದ ಬೆಳೆಯೂ ಬರುತ್ತದೆಂಬ ಭರವಸೆ ಬರುತ್ತದೆ. ಕ್ರಿಸ್ತರು ಆ ಮೊದಲ ತೆನೆ. ಅವರ ನಂತರ ಅವರಿಗೆ ಸೇರಿದವರು. ಆ ಸಾಲಿನಲ್ಲಿ ಮರಿಯಮ್ಮನವರು ಮುಂದೆ ಇದ್ದಾರೆ, ನಾವು ಹಿಂದೆ ಇದ್ದೇವೆ. ಕೊನೆಗೆ ನಾಶವಾಗುವ ಶತ್ರು ಮರಣ.

ಹಬ್ಬದ ವಾಚನ 27ನೇ ವಾಕ್ಯಕ್ಕೆ ನಿಲ್ಲುತ್ತದೆ. ಮನೆಗೆ ಹೋಗಿ ಪವಿತ್ರ ಗ್ರಂಥ ತೆರೆದು ಮುಂದಿನ ಒಂದೇ ವಾಕ್ಯವನ್ನು ಓದಿರಿ. ಇಡೀ ಲೋಕದ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪೌಲರು ಅಲ್ಲಿ ಹೇಳುತ್ತಾರೆ. ಕೊನೆಯಲ್ಲಿ ದೇವರು ಎಲ್ಲರಲ್ಲಿ ಎಲ್ಲವೂ ಆಗುತ್ತಾರೆ. ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿಯೂ ಇದೇ ವಿಷಯ. ಲೋಕಕ್ಕೆ ಬುನಾದಿ ಹಾಕುವ ಮೊದಲೇ ದೇವರು ನಮ್ಮನ್ನು ಕ್ರಿಸ್ತರಲ್ಲಿ ಮಕ್ಕಳನ್ನಾಗಿ ಆರಿಸಿಕೊಂಡರು. ಪರಲೋಕದ್ದು ಭೂಲೋಕದ್ದು ಎಲ್ಲವನ್ನೂ ಕ್ರಿಸ್ತರಲ್ಲಿ ಒಂದುಗೂಡಿಸುವುದೇ ಅವರ ಸಂಕಲ್ಪ. ಗಮನಿಸಿರಿ. ನಾವು ಹುಟ್ಟಿ, ದುಡಿದು, ಒಳ್ಳೆಯವರೆನಿಸಿಕೊಂಡ ಮೇಲೆ ಆರಿಸಿದ್ದಲ್ಲ. ಒಂದು ಬೀಡಿಯನ್ನೂ ಕಟ್ಟುವ ಮೊದಲು, ಒಂದು ಜಪವನ್ನೂ ಹೇಳುವ ಮೊದಲು ಆಯಿಯನ್ನು ಆರಿಸಲಾಗಿತ್ತು.

ದೇವರು ಸ್ವೀಕರಿಸಿದ್ದು ಏನನ್ನು?

1950ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೆಯ ಪಿಯುಸ್, ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸದ ಸತ್ಯವೆಂದು ಸಾರಿದರು. ಎರಡನೆಯ ಮಹಾಯುದ್ಧ ಮುಗಿದು ಆಗ ಐದು ವರ್ಷ. ಕೋಟಿಗಟ್ಟಲೆ ಮನುಷ್ಯರ ದೇಹಗಳು ಹೊಂಡಗಳಲ್ಲಿ, ಒಲೆಗಳಲ್ಲಿ ಕಸದಂತೆ ಹೋಗಿದ್ದವು. ಅಂಥ ಕಾಲದಲ್ಲಿ ಧರ್ಮಸಭೆ ಒಬ್ಬ ಹೆಣ್ಣುಮಗಳ ದೇಹವನ್ನು ದೇವರು ಮಹಿಮೆಗೆ ಸೇರಿಸಿಕೊಂಡರು ಎಂದು ಸಾರಿತು.

ಯಾವ ದೇಹ ಅದು? ನಜರೇತೆಂಬ ಹಳ್ಳಿಯಲ್ಲಿ ಬಾವಿಯಿಂದ ನೀರು ಹೊತ್ತ ದೇಹ. ಹಿಟ್ಟು ಬೀಸಿದ, ರೊಟ್ಟಿ ಸುಟ್ಟ ಕೈಗಳು. ದನದ ಕೊಟ್ಟಿಗೆಯಲ್ಲಿ ಹೆತ್ತ ಒಡಲು. ಶಿಲುಬೆಯ ಬುಡದಲ್ಲಿ ಏನೂ ಮಾಡಲಾಗದೆ ನಿಂತ ಕಾಲುಗಳು. ಪ್ರಿಯರೇ, ಈ ಕೊನೆಯದನ್ನು ಧ್ಯಾನಿಸಿರಿ. ಕಲ್ವಾರಿಯಲ್ಲಿ ಮರಿಯಮ್ಮನವರು ಯಾವ ಕೆಲಸ ಮಾಡಿದರು? ಮೊಳೆ ಕೀಳಲಿಲ್ಲ, ನೀರು ಕೊಡಲಾಗಲಿಲ್ಲ, ಗಾಯ ಒರೆಸಲಾಗಲಿಲ್ಲ. ಸುಮ್ಮನೆ ಇದ್ದರು. ಮಗನ ಜೊತೆಗೆ ಇದ್ದರು. ಅವರ ಬಾಳಿನ ಅತ್ಯಂತ ದೊಡ್ಡ ಗಳಿಗೆಯಲ್ಲಿ ಅವರು ಮಾಡಿದ್ದು ಇಷ್ಟೇ.

ನಮ್ಮ ಊರುಗಳಲ್ಲಿ ಲಿಂಗಾಯತ ಬಂಧುಗಳು, ಜೈನ ಬಂಧುಗಳು ನಮ್ಮ ನೆರೆಹೊರೆಯವರು. ಮುಕ್ತಿ, ಮೋಕ್ಷ ಎಂಬ ಮಾತುಗಳನ್ನು ಅವರ ಬಾಯಲ್ಲಿ ಗೌರವದಿಂದ ಕೇಳಿದ್ದೇವೆ. ನಿಮ್ಮ ಧರ್ಮದಲ್ಲಿ ಕೊನೆಗೆ ಏನಾಗುತ್ತದೆ ಎಂದು ಅವರು ಕೇಳಿದರೆ ನಾವು ಹೇಳಬೇಕಾದದ್ದು ಹೀಗೆ: ನಾವು ದೇಹವನ್ನು ಕಳಚಿಹಾಕಿ ಬಿಡುಗಡೆ ಪಡೆಯುತ್ತೇವೆಂದು ನಂಬುವುದಿಲ್ಲ, ಈ ದೇಹವೂ ಎದ್ದು ಮಹಿಮೆಗೆ ಸೇರುತ್ತದೆಂದು ನಂಬುತ್ತೇವೆ. ನಾವು ದೇವರಲ್ಲಿ ಕರಗಿ ಇಲ್ಲವಾಗುವುದಿಲ್ಲ. ಮರಿಯಮ್ಮನವರು ಸ್ವರ್ಗದಲ್ಲೂ ಮರಿಯಮ್ಮನವರೇ, ಯೇಸುವಿನ ತಾಯಿಯೇ. ನಮ್ಮ ಹೆಸರು, ನಮ್ಮ ಮುಖ, ನಮ್ಮ ಪ್ರೀತಿಯ ಸಂಬಂಧ, ಒಂದೂ ವ್ಯರ್ಥವಾಗುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಕಾಣಿಕೆಗಳನ್ನು ಅರ್ಪಿಸುವಾಗ ನನ್ನ ಕೈಯನ್ನು ಗಮನಿಸಿರಿ. ಪಾತ್ರೆಯ ದ್ರಾಕ್ಷಾರಸಕ್ಕೆ ಒಂದು ಹನಿ ನೀರು ಬೆರೆಸುತ್ತೇನೆ. ಆಗ ಗುರು ಮೆಲುದನಿಯಲ್ಲಿ ಒಂದು ಪ್ರಾರ್ಥನೆ ಹೇಳುತ್ತಾನೆ. ನಮ್ಮ ಮಾನವತ್ವವನ್ನು ಹಂಚಿಕೊಂಡ ಕ್ರಿಸ್ತರ ದೈವತ್ವದಲ್ಲಿ ನಮಗೂ ಪಾಲು ಸಿಗಲಿ ಎಂಬುದು ಅದರ ಭಾವ. ದೇವರ ಅಂತಿಮ ಉದ್ದೇಶ ಆ ಒಂದು ಹನಿಯಲ್ಲಿದೆ. ನೀರು ದ್ರಾಕ್ಷಾರಸಕ್ಕೆ ಏನನ್ನೂ ಕೂಡಿಸುವುದಿಲ್ಲ. ಆದರೂ ಅದನ್ನು ಸೇರಿಸಿಕೊಳ್ಳಲಾಗುತ್ತದೆ.

ಹೊಳೆ ಬಂದ ದಿನ

2019ರ ಆಗಸ್ಟ್ ತಿಂಗಳನ್ನು ನಮ್ಮ ಜಿಲ್ಲೆ ಮರೆಯಲಾರದು. ಕೃಷ್ಣೆ, ದೂಧಗಂಗೆ, ವೇದಗಂಗೆ ಎಲ್ಲವೂ ಉಕ್ಕಿದವು. ಮಳೆ ಜೋರಾದಾಗಲೆಲ್ಲ ಮುಳುಗುವ ಅಕ್ಕೋಳ–ಸಿದ್ನಾಳದ ಸೇತುವೆ ಆಗಲೂ ನೀರಿನೊಳಗೆ ಹೋಯಿತು. ಹೊಳೆಯ ದಂಡೆಯ ಮನೆಗಳನ್ನು ಬಿಟ್ಟು ಜನ ಎತ್ತರದ ಜಾಗಗಳಿಗೆ, ಶಾಲೆಗಳಿಗೆ ಹೋದರು.

ಆ ರಾತ್ರಿಯ ವಿಷಯವನ್ನು ಆಯಿಯ ಮಗ ನನಗೆ ಹೇಳಿದ. ನೀರು ಅಂಗಳಕ್ಕೆ ಬಂದಾಗ ಏನೇನು ಒಯ್ಯುವುದು ಎಂದು ಯೋಚಿಸಲು ಹೊತ್ತಿರಲಿಲ್ಲ. ಎಮ್ಮೆಯ ಹಗ್ಗ ಬಿಚ್ಚಿದರು. ರೇಷನ್ ಕಾರ್ಡು, ಹೊಲದ ಕಾಗದಪತ್ರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಜೋಳದ ಚೀಲ, ಟಿವಿ, ಕಪಾಟು ಎಲ್ಲವನ್ನೂ ಬಿಟ್ಟರು. ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಮೊಳಕಾಲು ಮಟ್ಟದ ನೀರಿನಲ್ಲಿ ನಡೆದ. ಆಯಿ ದಾರಿಯುದ್ದಕ್ಕೂ ‘ನನ್ನ ಬಿಡೋ, ಎಮ್ಮಿ ನೋಡ್ಕೋ’ ಎನ್ನುತ್ತಿದ್ದರಂತೆ.

“ನೀನು ಏನಂದಿ?” ಎಂದು ಕೇಳಿದೆ.

“ಏನನ್ನೂದ್ರಿ ಫಾದರ್? ಅವ್ವನ್ನ ಯಾರರ ಬಿಡ್ತಾರೇನ್ರಿ?” ಎಂದ.

ಪ್ರಿಯರೇ, ಅವನು ದೈವಶಾಸ್ತ್ರ ಓದಿಲ್ಲ. ಆದರೆ ದೇವರ ಮನಸ್ಸನ್ನು ಅವನಿಗಿಂತ ಚೆನ್ನಾಗಿ ನಾನು ವಿವರಿಸಲಾರೆ. ನೀರು ಏರಿದಾಗ ಉಪಯೋಗಕ್ಕೆ ಬರುವ ಎಷ್ಟೋ ವಸ್ತು ಹಿಂದೆ ಉಳಿದವು. ಒಂದು ಕೊಡ ನೀರನ್ನೂ ತರಲಾಗದ ತಾಯಿ ಬೆನ್ನ ಮೇಲೆ ಬಂದರು. ಅವರು ಏನು ಮಾಡಬಲ್ಲರು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಅವರು ನಮ್ಮವರು, ಅಷ್ಟು ಸಾಕಾಗಿತ್ತು. ಮರಣ ಎಂಬ ಹೊಳೆ ಏರಿ ಬರುವ ದಿನ ದೇವರು ನಮ್ಮನ್ನು ಹೊರುವುದೂ ಹೀಗೆಯೇ. ಇಂದಿನ ಹಬ್ಬ ಇದನ್ನೇ ಸಾರುತ್ತದೆ. ಮರಿಯಮ್ಮನವರು ನಡೆದು ಹೋಗಲಿಲ್ಲ, ಹೊತ್ತುಕೊಂಡು ಹೋದರು. ನಮ್ಮದೂ ಅದೇ ದಾರಿ.

ಬೆಲೆ ಕಟ್ಟುವ ಲೋಕ

ಆದರೆ ಲೋಕ ಹೀಗೆ ಯೋಚಿಸುವುದಿಲ್ಲ. ಎಷ್ಟು ದುಡಿಯುತ್ತೀಯ, ಅಷ್ಟು ನಿನ್ನ ಬೆಲೆ ಎನ್ನುತ್ತದೆ. ಆ ಮಾತನ್ನು ಕೊನೆಯ ತನಕ ಎಳೆದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಆಶ್‌ವಿಟ್ಜ್ ಶಿಬಿರ ತೋರಿಸಿತು. ಅಲ್ಲಿ ದುಡಿಯಲಾರದ ಮುದುಕರನ್ನು, ಕಾಯಿಲೆಯವರನ್ನು, ಮಕ್ಕಳನ್ನು ಬೇರೆ ಸಾಲಿಗೆ ನಿಲ್ಲಿಸಿ ಕೊಂದರು. 1941ರ ಬೇಸಿಗೆಯಲ್ಲಿ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಒಬ್ಬನು ಹೆಂಡತಿ ಮಕ್ಕಳನ್ನು ನೆನೆದು ಅತ್ತಾಗ, ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಫ್ರಾನ್ಸಿಸ್ಕನ್ ಗುರು ಮುಂದೆ ಬಂದು ಅವನ ಜಾಗದಲ್ಲಿ ತಾನು ಸಾಯುತ್ತೇನೆಂದರು. ಎರಡು ವಾರದ ನಂತರವೂ ಜೀವ ಹೋಗದಿದ್ದಾಗ ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಅವರನ್ನು ಕೊಂದರು. ಮರುದಿನ, ಮರಿಯಮ್ಮನವರ ಸ್ವರ್ಗಸ್ವೀಕಾರದ ದಿನವೇ, ಅವರ ದೇಹವನ್ನು ಸುಟ್ಟರು. ಮಾತೆ ಮರಿಯಮ್ಮನವರಿಗೆ ಬಾಳೆಲ್ಲ ಒಪ್ಪಿಸಿದ್ದವರು ಅವರು. ಅವರ ಬದಲಿಗೆ ಉಳಿದ ಆ ಮನುಷ್ಯ 1995ರ ತನಕ ಬದುಕಿದ. 1982ರಲ್ಲಿ ಕೋಲ್ಬೆಯವರನ್ನು ಸಂತರೆಂದು ಸಾರಿದಾಗ ರೋಮಿನಲ್ಲಿ ಅವನೂ ಇದ್ದ. ಬೆಲೆಯೇ ಇಲ್ಲದ ನಂಬರು ಎಂದು ಲೋಕ ಎಣಿಸಿದ ಒಬ್ಬ ಕೈದಿಯನ್ನು ತನ್ನ ಪ್ರಾಣದಷ್ಟು ಬೆಲೆಯುಳ್ಳವನೆಂದು ಆ ಗುರು ತೋರಿಸಿದರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನಿಪ್ಪಾಣಿಯಲ್ಲೇ 1981ರಲ್ಲಿ ತಂಬಾಕು ಬೆಳೆದ ರೈತರು ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲಿನ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅದೇ ಕಾಲಕ್ಕೆ ತಂಬಾಕು ಕಾರ್ಖಾನೆಗಳ ಹೆಂಗಸರು, ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿಕೊಂಡು ನಿಂತರು. 1982ರಲ್ಲಿ ಅವರನ್ನು ಕುರಿತು ಒಂದು ಸಾಕ್ಷ್ಯಚಿತ್ರವೂ ಬಂದಿತು. ಅವರು ಕೇಳಿದ್ದು ಕೂಲಿ ಮಾತ್ರವಲ್ಲ, ನಮ್ಮನ್ನು ಬರೀ ಕೈಗಳೆಂದು ನೋಡಬೇಡಿ, ಮನುಷ್ಯರೆಂದು ನೋಡಿರಿ ಎಂದು ಕೇಳಿದರು. ಇಂದಿನ ಶುಭಸಂದೇಶದಲ್ಲಿ ಮರಿಯಮ್ಮನವರು ಹಾಡಿದ್ದೂ ಇದನ್ನೇ. ದೇವರು ತನ್ನ ದಾಸಿಯ ದೀನಸ್ಥಿತಿಯನ್ನು ಕಣ್ಣೆತ್ತಿ ನೋಡಿದರು, ಗರ್ವಿಗಳನ್ನು ಚದುರಿಸಿದರು, ಕೆಳಗಿದ್ದವರನ್ನು ಮೇಲೆತ್ತಿದರು, ಹಸಿದವರನ್ನು ತೃಪ್ತಿಪಡಿಸಿದರು ಎಂದು ಹಾಡಿದರು. ಸ್ವರ್ಗಕ್ಕೆ ಎತ್ತಿಕೊಂಡ ದೇವರು ಭೂಮಿಯ ಮೇಲೂ ಎತ್ತುವ ದೇವರು. ಮನುಷ್ಯನ ಕೊನೆಯ ಗುರಿ ದೇವರ ಜೊತೆ ಬಾಳುವುದು ಎಂದು ನಂಬಿದವನು ಅವನನ್ನು ಇಲ್ಲಿ ಕಾಲ ಕೆಳಗೆ ಹಾಕಲಾರ.

ಹಾಗಾದರೆ ಸುಮ್ಮನೆ ಕೂರೋಣವೇ?

ನಿಮ್ಮಲ್ಲಿ ಯಾರಾದರೂ ಕೇಳಬಹುದು. ದೇವರಿಗೆ ನಮ್ಮ ಕೆಲಸ ಬೇಡವಾದರೆ ಸೇವೆ ಏಕೆ, ವಿನ್ಸೆಂಟ್ ಡಿ ಪೌಲ್ ಸಭೆ ಏಕೆ, ಇಷ್ಟು ಓಡಾಟ ಏಕೆ?

ಇಂದಿನ ಶುಭಸಂದೇಶ ಹೇಗೆ ಆರಂಭವಾಗುತ್ತದೆ ನೋಡಿರಿ. ಮರಿಯಮ್ಮನವರು ಎದ್ದು ಅವಸರವಾಗಿ ಬೆಟ್ಟದ ನಾಡಿಗೆ ಹೊರಟರು. ವಯಸ್ಸಾದ ಎಲಿಜಬೇತಮ್ಮನ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರು. ಆದರೆ ಅದಕ್ಕೆ ಮೊದಲು ಏನಾಗಿತ್ತು? ದೇವದೂತನು ಬಂದು, ನೀನು ದೇವರ ಕೃಪೆಯಿಂದ ತುಂಬಿದವಳು, ಪ್ರಭು ನಿನ್ನೊಡನೆ ಇದ್ದಾರೆ ಎಂದು ತಿಳಿಸಿದ್ದನು. ಮೊದಲು ಕೃಪೆ, ಆಮೇಲೆ ಸೇವೆ. ಕೃಪೆ ಪಡೆಯಲು ಅವರು ಓಡಲಿಲ್ಲ, ಕೃಪೆ ಪಡೆದದ್ದರಿಂದ ಓಡಿದರು. ಸೇವೆ ನಾವು ದೇವರಿಗೆ ಕಟ್ಟುವ ಬಾಡಿಗೆ ಅಲ್ಲ, ಮಕ್ಕಳಾದವರ ಸಂತೋಷ. ಹಾಗೆ ಮಾಡಿದ ಯಾವ ಕೆಲಸವೂ ಕಳೆದುಹೋಗುವುದಿಲ್ಲ. ಪ್ರೀತಿಯಿಂದ ಈ ಭೂಮಿಯ ಮೇಲೆ ಮಾಡಿದ ಒಳಿತೆಲ್ಲವನ್ನೂ ದೇವರ ರಾಜ್ಯದಲ್ಲಿ ಶುದ್ಧವಾಗಿ, ಹೊಳೆಯುವಂತೆ ಮತ್ತೆ ಕಾಣುತ್ತೇವೆಂದು ಮಹಾಸಭೆ ಅದೇ ದಾಖಲೆಯಲ್ಲಿ ಕಲಿಸಿದೆ.

ಆದ್ದರಿಂದ ಈ ಹಬ್ಬದ ದಿನ ಮೂರು ವಿಷಯಗಳನ್ನು ಮನೆಗೆ ಒಯ್ಯೋಣ.

ಒಂದು, ನಮ್ಮ ಮನೆಯ ಹಿರಿಯರು. ಅವರಿಗೆ ಔಷಧ ಕೊಡುತ್ತೇವೆ, ಊಟ ಕೊಡುತ್ತೇವೆ. ಆದರೆ ದಿನಕ್ಕೆ ಹತ್ತು ನಿಮಿಷ, ಮೊಬೈಲ್ ಕೆಳಗಿಟ್ಟು, ಯಾವ ಕೆಲಸವೂ ಇಲ್ಲದೆ ಅವರ ಹತ್ತಿರ ಕೂರುತ್ತೇವೆಯೇ? ಬೇಡವಾದವರೆಂದು ಅವರಿಗೆ ಅನಿಸುವುದು ಊಟ ಸಿಗದಾಗ ಮಾತ್ರವಲ್ಲ, ಯಾರೂ ಸುಮ್ಮನೆ ಹತ್ತಿರ ಬರದಾಗ.

ಎರಡು, ನಮ್ಮ ಮಕ್ಕಳು. ಪರೀಕ್ಷೆಯ ಫಲಿತಾಂಶ ಬಂದ ದಿನ ನಾವು ಮೊದಲು ಕೇಳುವುದು ಅಂಕಗಳನ್ನು. ಕಡಿಮೆ ಬಂದ ಮಗು ಮನೆಗೆ ಬರಲು ಹೆದರುತ್ತದೆ. ನೀನು ಏನಾದರೂ ಆಗುವ ಮೊದಲೇ ನೀನು ನಮ್ಮವನು, ದೇವರ ಮಗು ಎಂದ ಮಾತು ಅದರ ಕಿವಿಗೆ ಒಮ್ಮೆಯಾದರೂ ಬಿದ್ದಿರಬೇಕು. ದೀಕ್ಷಾಸ್ನಾನದ ದಿನ ಧರ್ಮಸಭೆ ಹೇಳಿದ್ದು ಅದನ್ನೇ. ಅಂದು ಆ ಮಗುವಿಗೆ ಅಳುವುದೊಂದನ್ನು ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ.

ಮೂರು, ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವರು. ಅವರ ಕೂಲಿಯನ್ನು ಹಬ್ಬದ ಮೊದಲು ಕೊಡಿರಿ. ಅವರ ಹೆಸರು ಹಿಡಿದು ಮಾತಾಡಿಸಿರಿ. ಕಾಯಿಲೆ ಬಿದ್ದರೆ ನೋಡಿಕೊಂಡು ಬನ್ನಿರಿ. ನಾಳೆ ದೇವರ ಮನೆಯಲ್ಲಿ ಅವರ ಪಕ್ಕದಲ್ಲೇ ನಾವು ಕೂರಬೇಕು.

ಮತ್ತೆ ಆ ಪಡಸಾಲೆಗೆ

ಮುಂದಿನ ಮೊದಲ ಶುಕ್ರವಾರ ನಾನು ಮತ್ತೆ ಹೋದೆ. ಹೊಸ ಉತ್ತರವನ್ನು ಸಿದ್ಧ ಮಾಡಿಕೊಂಡಿರಲಿಲ್ಲ. ಪರಮಪ್ರಸಾದ ಕೊಟ್ಟ ಮೇಲೆ ಆಯಿಯ ಹತ್ತಿರ ಕೆಳಗೆ ಕುಳಿತೆ. ಅವರೇ ಕೇಳಿದರು: “ಇವತ್ತ ಯಾವ ಕೆಲಸಾ ತಂದೀರಿ, ಫಾದರ್?”

“ಯಾವುದೂ ಇಲ್ಲ, ಆಯಿ. ಸುಮ್ನ ನಿಮ್ಮನ್ನ ನೋಡಿ ಹೋಗೂಣಂತ ಬಂದೇನಿ.”

ಆಯಿ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದರು. ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ಹಿಡಿತವಿಲ್ಲ ಎಂದಿದ್ದ ಕೈ ಅದು. “ಹಂಗಾರ ಕುಂದರ್ರಿ” ಎಂದರು. ಸೊಸೆಗೆ ಚಹಾ ಮಾಡಲು ಕೂಗಿ ಹೇಳಿದರು.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಹಳ್ಳಿಗಳಲ್ಲಿ ಕೆಲಸವಿದ್ದು ಬರುವವರು ಬೇಕಾದಷ್ಟು ಜನ. ಕೆಲಸವಿಲ್ಲದೆ, ಸುಮ್ಮನೆ ನೋಡಲು ಬರುವವರು ಬಳಗದವರು ಮಾತ್ರ. ದೇವರು ಮರಿಯಮ್ಮನವರ ಒಡಲಿಗೆ ಬಂದದ್ದು, ಈ ಬಲಿಪೀಠಕ್ಕೆ ಬರುವುದು, ನಮ್ಮ ಕೊನೆಯ ದಿನ ನಮ್ಮನ್ನು ಎತ್ತಿಕೊಳ್ಳಲು ಬರುವುದು, ಎಲ್ಲವೂ ಹಾಗೆಯೇ. ಅವರಿಗೆ ನಮ್ಮಿಂದ ಆಗಬೇಕಾದದ್ದು ಏನೂ ಇಲ್ಲ. ಅವರಿಗೆ ನಾವು ಬೇಕು. ಅದಕ್ಕಾಗಿಯೇ ನಮ್ಮನ್ನು ಸೃಷ್ಟಿಸಿದರು, ಅದಕ್ಕಾಗಿಯೇ ತಮ್ಮ ಪುತ್ರರನ್ನು ಕೊಟ್ಟರು, ಅದಕ್ಕಾಗಿಯೇ ಮರಣವನ್ನು ಗೆದ್ದರು. ನಮಗೂ ಅವರು ಬೇಕು ಎಂದು ಒಪ್ಪಿಕೊಳ್ಳುವುದೇ ಮಾನವ ಬಾಳಿನ ಸಾರ್ಥಕತೆ.

ಜಪಸರದ ಮಹಿಮೆಯ ರಹಸ್ಯಗಳಲ್ಲಿ ನಾಲ್ಕನೆಯದನ್ನು ಇಂದು ಸಂಜೆ ಮನೆಯಲ್ಲಿ ಜಪಿಸುವಾಗ, ಅರ್ಧಕ್ಕೆ ಮರೆಯುವ ಎಲ್ಲ ಆಯಿಯರನ್ನು, ಅಜ್ಜಂದಿರನ್ನು ನೆನೆಯಿರಿ. ಅವರು ಮರೆತ ಜಪವನ್ನು ಅವರ ಬದಲಾಗಿ ನೀವು ಪೂರ್ತಿ ಮಾಡಿರಿ. ಆತ್ಮ ಶರೀರ ಸಹಿತ ಮಹಿಮೆಗೆ ಸ್ವೀಕೃತರಾದ ಮಾತೆ ಮರಿಯಮ್ಮನವರು, ನಮ್ಮನ್ನೂ ಆ ಮನೆಯ ಬಾಗಿಲಲ್ಲಿ ಎದುರುಗೊಳ್ಳಲಿ.

ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ. ಆಮೆನ್.